ದಾರಿ ಬಿಡಲು ಕಲಿತ ಗಣಕಗಳು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಬರ್ಕ್ಲಿಯಲ್ಲಿ ಹೆಸರಾಂತ ವಿಶ್ವವಿದ್ಯಾಲಯವೊಂದಿದೆ. ಅದರ ಬೆನ್ನಿಗಿರುವ ಗುಡ್ಡದ ಮೇಲೆ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ. ನಡುವಿನ ಅಂತರ ಕೇವಲ 400 ಗಜ. 1986ರ ಅಕ್ಟೋಬರಿನಲ್ಲಿ ಇವೆರಡನ್ನು ಬೆಸೆದಿದ್ದ ಗಣಕಜಾಲ ಇದ್ದಕ್ಕಿದ್ದಂತೆ ಕುಂಟತೊಡಗಿತು. ಸೆಕೆಂಡಿಗೆ 32,000 ಬಿಟ್ ಸಾಗುತ್ತಿದ್ದ ಮಾರ್ಗದಲ್ಲಿ ಬರೀ 40 ಬಿಟ್ ದಾಟುತ್ತಿತ್ತು. ಎಂದರೆ ಐದು ಇಂಗ್ಲಿಷ್ ಅಕ್ಷರ. ನುರಿತ ಬೆರಳಚ್ಚುಗಾರನ ವೇಗ!

ತೊಂದರೆಯ ಬೇರು ಜಾಲದ ರಚನೆಯಲ್ಲೇ ಇತ್ತು. ದೂರವಾಣಿ ವಿನಿಮಯ ಕೇಂದ್ರದಲ್ಲಿ ಮಾರ್ಗಗಳೆಲ್ಲ ತುಂಬಿದರೆ ಹೊಸ ಕರೆಗೆ 'ಎಂಗೇಜ್' ಸದ್ದು ಕೇಳಿಸುತ್ತದೆ. ಗಣಕಜಾಲ ಹಾಗಲ್ಲ, ಅದು ಯಾರನ್ನೂ ಬಾಗಿಲಲ್ಲೇ ತಡೆಯುವುದಿಲ್ಲ. ಸಂದೇಶವನ್ನು ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಒಡೆದು ಕಳಿಸಲಾಗುತ್ತದೆ. ಪೊಟ್ಟಣ ತಲುಪಿದೊಡನೆ ಆಚೆಯ ಗಣಕ ರಸೀದಿ ಕಳಿಸಬೇಕು. ನಿಗದಿತ ಸಮಯದಲ್ಲಿ ರಸೀದಿ ಬಾರದಿದ್ದರೆ ಅದೇ ಪೊಟ್ಟಣ ಮತ್ತೆ ಹೊರಡುತ್ತದೆ. ಅರ್ಪಾನೆಟ್ ಜಾಲ 1983ರ ಜನವರಿ 1ರಂದು ಅಳವಡಿಸಿಕೊಂಡ 'ಟಿಸಿಪಿ' ಎಂಬ ನಿಯಮಾವಳಿಯ ತಿರುಳು ಇದು.

ಕಾಗದಕ್ಕೆ ಉತ್ತರ ಬರಲಿಲ್ಲವೆಂದು ಊರಿನವರೆಲ್ಲ ಅದೇ ಕಾಗದವನ್ನು ಮತ್ತೆ ಮತ್ತೆ ಅಂಚೆಗೆ ಹಾಕಿದರೆ ಏನಾದೀತು? ಅಂಚೆಚೀಲದ ತುಂಬ ನಕಲುಗಳೇ. ಬರ್ಕ್ಲಿಯಲ್ಲಿ ಆದದ್ದೂ ಇದೇ. ದಟ್ಟಣೆಯಿಂದ ಪೊಟ್ಟಣಗಳು ಬಿದ್ದುಹೋದವು. ಗಣಕಗಳು ಮರಳಿ ಕಳಿಸಿದವು. ದಟ್ಟಣೆ ಇನ್ನಷ್ಟು ಹೆಚ್ಚಿತು. ಇಂಥ ಕುಸಿತ ಸಂಭವಿಸಬಹುದೆಂದು ಜಾನ್ ನೇಗಲ್ ಎಂಬ ತಂತ್ರಜ್ಞ 1984ರಲ್ಲೇ ಎಚ್ಚರಿಸಿದ್ದರು.

ಪ್ರಯೋಗಾಲಯದ ವ್ಯಾನ್ ಜೇಕಬ್‌ಸನ್ ಮತ್ತು ವಿಶ್ವವಿದ್ಯಾಲಯದ ಮೈಕೆಲ್ ಕ್ಯಾರೆಲ್ಸ್ ಇದಕ್ಕೆ ಮದ್ದು ಹುಡುಕಿದರು. ಅವರು ಹೊಸ ತಂತಿ ಎಳೆಯಲಿಲ್ಲ, ಕಾವಲುಗಾರನನ್ನೂ ನೇಮಿಸಲಿಲ್ಲ. ಕಳಿಸುವ ಗಣಕಕ್ಕೇ ಸಂಯಮ ಕಲಿಸಿದರು. ಮೊದಲು ಒಂದೇ ಪೊಟ್ಟಣ ಕಳಿಸಬೇಕು. ರಸೀದಿ ಬಂದಂತೆ ಸಂಖ್ಯೆ ಹೆಚ್ಚಿಸಬೇಕು. ಪೊಟ್ಟಣ ಕಳೆದುಹೋದರೆ ಅದನ್ನು ದಟ್ಟಣೆಯ ಸುಳಿವೆಂದು ತಿಳಿದು ಮತ್ತೆ ಒಂದಕ್ಕೇ ಇಳಿಯಬೇಕು. ಹಿಂದಿನ ಮಟ್ಟದ ಅರ್ಧದವರೆಗೆ ಬೇಗ ಏರಿ, ಅಲ್ಲಿಂದ ಮುಂದೆ ನಿಧಾನವಾಗಿ ಹೆಜ್ಜೆ ಇಡಬೇಕು. 1988ರಲ್ಲಿ ಪ್ರಕಟವಾದ ಅವರ ಪ್ರಬಂಧ ಜಾಲಗಳ ಇತಿಹಾಸದಲ್ಲಿ ಮೈಲಿಗಲ್ಲಾಯಿತು. ಬರ್ಕ್ಲಿಯ ಯುನಿಕ್ಸ್ ತಂತ್ರಾಂಶದೊಡನೆ ಈ ನಿಯಮಗಳು ಬಹುಬೇಗ ಹರಡಿದವು.

ಈ ಕಥೆಗೆ ಬೆಂಗಳೂರಿನ ನಂಟೂ ಉಂಟು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ರಾಜ್ ಜೈನ್ ಮತ್ತು ಕೆ.ಕೆ. ರಾಮಕೃಷ್ಣನ್ ಅದೇ ದಶಕದಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪೆನಿಯಲ್ಲಿದ್ದರು. ಪೊಟ್ಟಣ ಬಿದ್ದುಹೋಗುವವರೆಗೆ ಕಾಯುವುದೇಕೆ? ಸಾಲು ಬೆಳೆಯುತ್ತಿರುವಾಗಲೇ ದಾರಿಯ ಯಂತ್ರ ಪೊಟ್ಟಣದ ಮೇಲೆ ಒಂದು ಬಿಟ್‌ನ ಗುರುತು ಹಾಕಿ ಎಚ್ಚರಿಸಲಿ ಎಂಬುದು ಅವರ ಸಲಹೆ. ಈ ವಿಚಾರವೇ ಬೆಳೆದು 2001ರಲ್ಲಿ ಅಂತರ್ಜಾಲದ ಅಧಿಕೃತ ನಿಯಮಗಳಲ್ಲಿ ಸೇರಿತು.

ಇಂದು ಜಾಲದಲ್ಲಿರುವುದು ಗಣಕಗಳಷ್ಟೇ ಅಲ್ಲ. ಮೊಬೈಲ್, ಕ್ಯಾಮೆರಾ, ವಿದ್ಯುತ್ ಮೀಟರ್‌ಗಳೂ ಇವೆ. ಕರೆಂಟು ಹೋಗಿ ಬಂದಾಗ ಸಾವಿರಾರು ಸಾಧನಗಳು ಒಮ್ಮೆಗೇ ಸಂಪರ್ಕಕ್ಕೆ ಮುಗಿಬೀಳಬಹುದು. ಇಲ್ಲಿಯೂ ಮದ್ದು ಅದೇ ಜಾತಿಯದು: ಪ್ರತಿಯೊಂದೂ ತನಗೆ ತೋಚಿದಷ್ಟು ಹೊತ್ತು ಕಾದು ಯತ್ನಿಸಬೇಕು, ವಿಫಲವಾದರೆ ಇನ್ನೂ ಹೆಚ್ಚು ಕಾಯಬೇಕು.

ಆದರೆ ಈ ವ್ಯವಸ್ಥೆಗೆ ಒಂದು ದೌರ್ಬಲ್ಯವಿದೆ. ನಿಯಮ ಪಾಲಿಸುವಂತೆ ಎಲ್ಲ ಸಾಧನಗಳನ್ನೂ ಕಟ್ಟಿಹಾಕುವ ಅಧಿಕಾರಿ ಯಾರೂ ಇಲ್ಲ. ಹಿಂದೆ ಸರಿಯಲೊಲ್ಲದ ತಂತ್ರಾಂಶ ತನ್ನ ಪಾಲಿಗಿಂತ ಹೆಚ್ಚು ಕಬಳಿಸಬಲ್ಲದು, ಸಂಯಮಿಗಳು ಹಿಂದುಳಿಯುತ್ತವೆ. ಬಹುಪಾಲು ಸಾಧನಗಳು ತಾವಾಗಿಯೇ ದಾರಿ ಬಿಡುತ್ತಿರುವುದರಿಂದಲೇ ಜಾಲ ಇನ್ನೂ ಸಾಗುತ್ತಿದೆ.