ಚತುಸ್ಸಮಯದ ಆಚೆಗಿನ ಐದನೆಯವನು: ನಾಸ್ತಿಕನ ಬೇಸರದ ಚರಿತ್ರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯನ್ನು ಕಲ್ಪತರು ನಾಡೆಂದು ಕರೆಯುವುದು ರೂಢಿ. ಇಲ್ಲಿ ತೆಂಗು ಬದುಕಿನ ಆಧಾರವೂ ಹೌದು, ಪೂಜಾದ್ರವ್ಯವೂ ಹೌದು. ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟ ಹೋಬಳಿಯ ಯಾವುದೋ ಒಂದು ಹಳ್ಳಿಯಲ್ಲಿ ರಸ್ತೆಯ ಕಾಮಗಾರಿ ಆರಂಭವಾಗುವ ದಿನವನ್ನು ಊಹಿಸಿಕೊಳ್ಳೋಣ. ಹಣ ಸರ್ಕಾರದ್ದು, ಎಂದರೆ ಎಲ್ಲರದು. ಗುದ್ದಲಿಗೆ ಅರಿಸಿನ ಕುಂಕುಮ ಹಚ್ಚಿ ಗುದ್ದಲಿಪೂಜೆ ನಡೆಯುತ್ತದೆ, ಈಡುಗಾಯಿ ಒಡೆಯುತ್ತಾರೆ, ಮಂಗಳಾರತಿಯ ತಟ್ಟೆ ಜನರ ನಡುವೆ ಸಾಗುತ್ತದೆ. ಗುಂಪಿನ ಅಂಚಿನಲ್ಲಿ ದೇವರನ್ನು ನಂಬದ ಒಬ್ಬ ತೆಂಗಿನ ಬೆಳೆಗಾರ ನಿಂತಿದ್ದಾನೆ. ಒಡೆದ ಕಾಯಿ ಅವನ ತೋಟದ್ದೇ ಆಗಿರಬಹುದು. ತಟ್ಟೆ ಮುಂದೆ ಬಂದಾಗ ಆರತಿ ತೆಗೆದುಕೊಂಡರೆ ತನಗೆ ತಾನೇ ಸುಳ್ಳಾದಂತೆ. ತೆಗೆದುಕೊಳ್ಳದಿದ್ದರೆ ಊರಿಗೆ ವಿರೋಧಿಯಾದಂತೆ. ಆ ಕ್ಷಣದಲ್ಲಿ ಅವನಲ್ಲಿ ಹುಟ್ಟುವ ಬೇಸರವೇ ಪ್ರಸ್ತುತ ಲೇಖನದ ವಸ್ತು.

ಈ ಬೇಸರವನ್ನು ದೈವದ್ವೇಷವೆಂದೋ ಪಾಶ್ಚಾತ್ಯ ಶಿಕ್ಷಣದ ಫಲವೆಂದೋ ತಳ್ಳಿಹಾಕುವುದು ಸುಲಭ. ಆದರೆ ಕನ್ನಡ ನಾಡಿನ ಕಾವ್ಯ, ಶಾಸ್ತ್ರ, ಶಾಸನಗಳನ್ನು ಕ್ರಮವಾಗಿ ನೋಡಿದರೆ ಅದರ ಬೇರು ನಮ್ಮ ನೆಲದಲ್ಲೇ ಬಹಳ ಆಳಕ್ಕೆ ಇಳಿದಿರುವುದು ಕಾಣುತ್ತದೆ. ಜೈನ ಸಾಹಿತ್ಯದ ಅಭ್ಯಾಸಿಯಾದ ನನಗೆ ಈ ಪರಿಶೀಲನೆ ಒಂದು ಆತ್ಮಪರೀಕ್ಷೆಯೂ ಹೌದು.

ಮೊದಲಿಗೆ ಪದದ ವಿಚಾರ. ಪಾಣಿನಿಯ ವ್ಯಾಕರಣದ ಪ್ರಕಾರ ‘ಇದೆ’ ಎಂಬ ಮತಿಯುಳ್ಳವನು ಆಸ್ತಿಕ, ‘ಇಲ್ಲ’ ಎಂಬ ಮತಿಯುಳ್ಳವನು ನಾಸ್ತಿಕ. ಏನು ಇದೆ, ಏನು ಇಲ್ಲ ಎಂಬುದನ್ನು ಸೂತ್ರ ಹೇಳುವುದಿಲ್ಲ; ವ್ಯಾಖ್ಯಾನಕಾರರು ಅದನ್ನು ಪರಲೋಕವೆಂದು ತಿಳಿದರು. ಮನುಸ್ಮೃತಿಯು ವೇದನಿಂದಕನನ್ನು ನಾಸ್ತಿಕನೆಂದಿತು. ಈ ಎರಡನೆಯ ಅರ್ಥದಲ್ಲಿ ಜೈನರೂ ಬೌದ್ಧರೂ ನಾಸ್ತಿಕರ ಪಟ್ಟಿಗೆ ಸೇರಿದರು. ಜೈನರು ವೇದಪ್ರಾಮಾಣ್ಯವನ್ನು ಒಪ್ಪಲಿಲ್ಲ, ಜಗತ್ತಿಗೆ ಕರ್ತೃವೊಬ್ಬನಿದ್ದಾನೆ ಎಂಬುದನ್ನೂ ಒಪ್ಪಲಿಲ್ಲ. ಆದರೆ ಆತ್ಮ, ಕರ್ಮ, ಪುನರ್ಜನ್ಮ, ಮೋಕ್ಷಗಳನ್ನು ದೃಢವಾಗಿ ನಂಬಿದರು. ಆದ್ದರಿಂದ ನಿರೀಶ್ವರವಾದಿ ಬೇರೆ, ನಾಸ್ತಿಕ ಬೇರೆ ಎಂಬ ವಿವೇಕ ಇಲ್ಲಿ ಅಗತ್ಯ.

ಸೃಷ್ಟಿಕರ್ತನ ಖಂಡನೆಯಲ್ಲಿ ಜೈನಾಚಾರ್ಯರು ಹಿಂಜರಿದವರಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಗುರುವೆಂದು ಗೌರವಿಸಿದ ಜಿನಸೇನರು 9ನೆಯ ಶತಮಾನದಲ್ಲಿ ತಮ್ಮ ಮಹಾಪುರಾಣದಲ್ಲಿ ಈ ವಾದವನ್ನು ವಿಸ್ತಾರವಾಗಿ ಮಂಡಿಸಿದ್ದಾರೆ. ಸೃಷ್ಟಿಗೆ ಮುನ್ನ ಕರ್ತೃ ಎಲ್ಲಿದ್ದ, ಯಾವ ಸಾಮಗ್ರಿಯಿಂದ ಸೃಷ್ಟಿಸಿದ, ಪರಿಪೂರ್ಣನಾದವನಿಗೆ ಸೃಷ್ಟಿಸುವ ಇಚ್ಛೆ ಏಕೆ ಬಂತು ಎಂಬುದು ಅವರ ಪ್ರಶ್ನೆಗಳ ಸರಣಿ. ಅಮೆರಿಕದ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ 1980ರಲ್ಲಿ ಪ್ರಕಟಿಸಿದ ‘ಕಾಸ್ಮೋಸ್’ ಗ್ರಂಥದಲ್ಲಿ ಈ ಭಾಗವನ್ನು ಉದ್ಧರಿಸಿದ್ದಾನೆ. ನಮ್ಮವರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಆ ಹೆಮ್ಮೆಯ ಜೊತೆಗೆ ಅದೇ ಗ್ರಂಥದ ಇನ್ನೊಂದು ಪ್ರಸಂಗವನ್ನೂ ನೆನೆಯಬೇಕು.

ಅದು ಮಹಾಬಲನ ಆಸ್ಥಾನದ ಪ್ರಸಂಗ. ಆದಿತೀರ್ಥಂಕರರ ಪೂರ್ವಭವಗಳಲ್ಲಿ ಒಂದಾದ ವಿದ್ಯಾಧರ ಚಕ್ರವರ್ತಿ ಮಹಾಬಲನಿಗೆ ನಾಲ್ವರು ಮಂತ್ರಿಗಳು: ಸ್ವಯಂಬುದ್ಧ, ಮಹಾಮತಿ, ಸಂಭಿನ್ನಮತಿ, ಶತಮತಿ. ಅರಸನ ವರ್ಷವರ್ಧನೋತ್ಸವದ ಸಭೆಯಲ್ಲಿ ಜಿನಧರ್ಮನಿಷ್ಠನಾದ ಸ್ವಯಂಬುದ್ಧನು ಧರ್ಮದ ಹಿರಿಮೆಯನ್ನು ಹೇಳಿದಾಗ ಮಹಾಮತಿ ಎದ್ದು ಭೂತವಾದವನ್ನು ಮಂಡಿಸುತ್ತಾನೆ. ಹಿಟ್ಟು, ಬೆಲ್ಲ ಮುಂತಾದವು ಕೂಡಿದಾಗ ಮದಶಕ್ತಿ ಹುಟ್ಟುವಂತೆ ಭೂತಗಳು ಕೂಡಿದಾಗ ಚೈತನ್ಯ ಹುಟ್ಟುತ್ತದೆ. ದೇಹ ಅಳಿದ ಮೇಲೆ ಉಳಿಯುವ ಆತ್ಮವಿಲ್ಲ. ಆದ್ದರಿಂದ ಪರಲೋಕವೂ ಇಲ್ಲ ಎಂಬುದು ಅವನ ವಾದದ ಸಾರ. ಸಂಭಿನ್ನಮತಿ, ಶತಮತಿಗಳು ತಮ್ಮ ತಮ್ಮ ವಾದಗಳನ್ನು ಹೂಡುತ್ತಾರೆ. ಕೊನೆಗೆ ಸ್ವಯಂಬುದ್ಧ ಮೂವರನ್ನೂ ಖಂಡಿಸಿ ಗೆಲ್ಲುತ್ತಾನೆ. 941ರಲ್ಲಿ ರಚಿತವಾದ ಪಂಪನ ಆದಿಪುರಾಣದ ಮೂಲಕ ಈ ಕಥೆ ಕನ್ನಡಕ್ಕೂ ಬಂತು.

ಈ ಪ್ರಸಂಗದಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದು, ನಾಸ್ತಿಕನೊಬ್ಬ ಮಂತ್ರಿಪದವಿಯಲ್ಲಿದ್ದಾನೆ. ರಾಜಸಭೆಯಲ್ಲಿ, ಅದೂ ಉತ್ಸವದ ದಿನ, ಪರಲೋಕವಿಲ್ಲವೆಂದು ಹೇಳುತ್ತಾನೆ. ಅವನಿಗೆ ಉತ್ತರ ಸಿಗುವುದು ವಾದದಿಂದ, ಬೆದರಿಕೆಯಿಂದಲ್ಲ. ಇದು ನಮ್ಮ ಪರಂಪರೆಯ ಘನತೆ. ಎರಡನೆಯದು ಅಷ್ಟು ಹಿತವಾದುದಲ್ಲ. ಜಿನಸೇನರ ಪುರಾಣ ಮುಂದುವರಿದಂತೆ ಮಹಾಮತಿ, ಸಂಭಿನ್ನಮತಿಗಳು ನಿಗೋದಕ್ಕೂ ಶತಮತಿ ಎರಡನೆಯ ನರಕಕ್ಕೂ ಬೀಳುತ್ತಾರೆ. ಸಭೆಯಲ್ಲಿ ಸೋತದ್ದು ಸಾಲದೆಂಬಂತೆ ಅವರು ಭವಾಂತರದಲ್ಲೂ ದಂಡನೆ ಅನುಭವಿಸಬೇಕಾಯಿತು. ಪರರಿಂದ ನಾಸ್ತಿಕರೆನಿಸಿಕೊಂಡ ನಾವೇ ನಮ್ಮ ನಾಸ್ತಿಕರನ್ನು ಅಧೋಗತಿಗೆ ಕಳುಹಿಸಿದೆವು. ಇದೇ ಮನೋಧರ್ಮ ಶಾಸ್ತ್ರಗ್ರಂಥದಲ್ಲೂ ಕಾಣುತ್ತದೆ. 8ನೆಯ ಶತಮಾನದ ಹರಿಭದ್ರಸೂರಿಗಳು ‘ಷಡ್ದರ್ಶನಸಮುಚ್ಚಯ’ದಲ್ಲಿ ಬೌದ್ಧ, ಜೈನ ದರ್ಶನಗಳನ್ನೂ ಆಸ್ತಿಕವಾದಗಳ ಸಾಲಿನಲ್ಲೇ ಎಣಿಸಿ, ಲೋಕಾಯತವನ್ನು ಆ ಸಾಲಿನ ಆಚೆಗಿಟ್ಟು ಕಡೆಯಲ್ಲಿ ನಿರೂಪಿಸುತ್ತಾರೆ. ಗಡಿ ಅಳಿಸಿಹೋಗಲಿಲ್ಲ, ತುಸು ಸರಿಯಿತು, ಅಷ್ಟೆ. ಚಾರ್ವಾಕರ ಸ್ವಂತ ಗ್ರಂಥಗಳು ಬಹುತೇಕ ನಷ್ಟವಾಗಿ, ಅವರ ಮಾತನ್ನು ನಾವು ಇಂದು ಹೆಚ್ಚಾಗಿ ಅವರ ವಿರೋಧಿಗಳ ಪೂರ್ವಪಕ್ಷಗಳಲ್ಲಿಯೇ ಓದಬೇಕಾಗಿದೆ.

ಇನ್ನು ಶಾಸನಗಳತ್ತ ಬರೋಣ. ತುಮಕೂರಿಗೆ ಸಮೀಪದ ಕೈದಾಳದಲ್ಲಿ 12ನೆಯ ಶತಮಾನದ ನಡುಗಾಲದ ಹೊಯ್ಸಳ ಶಾಸನವೊಂದಿದೆ. ಅದರ ನಾಯಕ ಸಾಮಂತ ಬಾಚಿ. ಅವನು ಶಿವಾಲಯವನ್ನೂ ವಿಷ್ಣುಗೃಹವನ್ನೂ ಜಿನಾಲಯವನ್ನೂ ಕಟ್ಟಿಸಿದವನು. ಶೈವ, ವೈಷ್ಣವ, ಬೌದ್ಧ, ಜೈನ ಎಂಬ ನಾಲ್ಕು ಸಮಯಗಳನ್ನೂ ಪೋಷಿಸಿದವನೆಂದು ಪ್ರಶಸ್ತಿ ಪಡೆದವನು. ಮತಸಾಮರಸ್ಯಕ್ಕೆ ಈ ಸೀಮೆ ಕೊಟ್ಟ ಉದಾಹರಣೆಗಳಲ್ಲಿ ಇದು ಹಿರಿದಾದುದು. ಆದರೂ ಎಣಿಕೆ ನಾಲ್ಕಕ್ಕೆ ನಿಂತಿತು. ಯಾವ ಸಮಯಕ್ಕೂ ಸೇರದ ಐದನೆಯವನಿಗೆ ಆ ಔದಾರ್ಯದಲ್ಲಿ ಹೆಸರಿಲ್ಲ.

ದಬ್ಬೇಘಟ್ಟದಿಂದ ಬಹಳ ದೂರವಲ್ಲದ ಶ್ರವಣಬೆಳಗೊಳದಲ್ಲಿರುವ, ವಿಜಯನಗರದ ಬುಕ್ಕರಾಯನ 1368ರ ಶಾಸನ ಇನ್ನೂ ಪ್ರಸಿದ್ಧ. ವೈಷ್ಣವರಿಂದ ಅನ್ಯಾಯವಾಯಿತೆಂದು ಜೈನರು ದೂರಿದಾಗ ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ. ಜೈನರಿಗೆ ಪಂಚಮಹಾವಾದ್ಯ ಮತ್ತು ಕಳಶಗಳು ಹಿಂದಿನಂತೆ ಸಲ್ಲಬೇಕೆಂದು ವಿಧಿಸಿದ. ಜೈನರು ಮನೆಗೆ ವರ್ಷಕ್ಕೊಂದು ಹಣದಂತೆ ಕೊಡುವುದು, ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸುವುದು, ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳನ್ನು ದುರಸ್ತಿ ಮಾಡುವುದು ಎಂದು ವ್ಯವಸ್ಥೆಯಾಯಿತು. ಅಲ್ಪಸಂಖ್ಯಾತ ಸಮುದಾಯಕ್ಕೆ ಸೇರಿದ ಯಾರೂ ಈ ಶಾಸನವನ್ನು ಕೃತಜ್ಞತೆಯಿಲ್ಲದೆ ಓದಲಾರರು. ಆದರೆ ಇಲ್ಲಿ ವಿವಾದವಾದದ್ದೂ ತೀರ್ಮಾನವಾದದ್ದೂ ಬೀದಿಯಲ್ಲಿ ಕಾಣುವ, ಕೇಳುವ ಚಿಹ್ನೆಗಳ ಹಕ್ಕು. ಆ ಹಕ್ಕು ದೊರೆತದ್ದು ವ್ಯಕ್ತಿಗಲ್ಲ, ದರ್ಶನವುಳ್ಳ ಸಮುದಾಯಕ್ಕೆ. ಬುಕ್ಕರಾಯ ಹಿಡಿಯಲು ಜೈನರ ಕೈ ಇತ್ತು, ಇಡಲು ವೈಷ್ಣವರ ಕೈ ಇತ್ತು. ಯಾವ ಗುಂಪಿಗೂ ಸೇರದವನ ಕೈಯನ್ನು ಯಾರ ಕೈಯಲ್ಲಿಡಬೇಕಿತ್ತು? ನಮ್ಮ ಸಾರ್ವಜನಿಕ ಬದುಕು ಶತಮಾನಗಳಿಂದ ಮತಗಳ ನಡುವಣ ಒಪ್ಪಂದವಾಗಿ ರೂಪುಗೊಂಡಿತು. ನಾಸ್ತಿಕನ ಬೇಸರದ ಮೂಲ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಈ ಕ್ರಮವನ್ನು ಬದಲಿಸಿ ವ್ಯಕ್ತಿಯನ್ನೇ ಘಟಕವಾಗಿ ಸ್ವೀಕರಿಸಿದ್ದು ಸಂವಿಧಾನ. 1949ರ ಅಕ್ಟೋಬರ್ 17ರಂದು ಸಂವಿಧಾನ ರಚನಾ ಸಭೆಯಲ್ಲಿ ಮಂಗಳೂರಿನಲ್ಲಿ ಜನಿಸಿದ ಎಚ್.ವಿ. ಕಾಮತರು, ಪ್ರಸ್ತಾವನೆ ದೇವರ ಹೆಸರಿನಿಂದ ಆರಂಭವಾಗಬೇಕೆಂದು ತಿದ್ದುಪಡಿ ಮಂಡಿಸಿದರು. ಅದನ್ನು ವಿರೋಧಿಸಿದವರಲ್ಲಿ ಪಟ್ಟಂ ತಾಣು ಪಿಳ್ಳೆಯವರು ತಾವು ದೈವಭಕ್ತರೆಂದೇ ಹೇಳಿಕೊಂಡು, ಇದು ನಂಬಿಕೆಯ ವಿಷಯದಲ್ಲಿ ಬಲವಂತವಾಗುತ್ತದೆ ಎಂದರು. ಹೃದಯನಾಥ ಕುಂಜ್ರೂ ಅವರಿಗೂ ಇದು ಪ್ರಸ್ತಾವನೆ ಸಾರುವ ವಿಚಾರ ಮತ್ತು ಶ್ರದ್ಧೆಗಳ ಸ್ವಾತಂತ್ರ್ಯಕ್ಕೆ ಹೊಂದದ್ದಾಗಿ ಕಂಡಿತು. ತಿದ್ದುಪಡಿಗೆ ಬಿದ್ದ ಮತಗಳು 41, ವಿರೋಧವಾಗಿ 68. ಐದನೆಯವನ ಪರವಾಗಿ ಅಂದು ಮಾತಾಡಿದವರಲ್ಲಿ ಆಸ್ತಿಕರೂ ಇದ್ದರೆಂಬುದನ್ನು ಮರೆಯಬಾರದು. ಪ್ರಮಾಣವಚನವನ್ನು ದೇವರ ಹೆಸರಿನಲ್ಲಿಯೂ ಸ್ವೀಕರಿಸಬಹುದು, ಸತ್ಯನಿಷ್ಠೆಯಿಂದ ದೃಢೀಕರಿಸಿಯೂ ಸ್ವೀಕರಿಸಬಹುದು ಎಂಬ ಆಯ್ಕೆಯನ್ನೂ ಸಂವಿಧಾನ ಕೊಟ್ಟಿತು.

ಬರೆದ ಮಾತಿಗೂ ನಡೆವ ರೂಢಿಗೂ ಇರುವ ಅಂತರವೇ ಆಧುನಿಕ ನಾಸ್ತಿಕನನ್ನು ಕೆರಳಿಸುವುದು. ಇದಕ್ಕೆ ಕರ್ನಾಟಕದಲ್ಲಿ ಡಾ. ಎಚ್. ನರಸಿಂಹಯ್ಯನವರ ಅನುಭವ ಒಳ್ಳೆಯ ನಿದರ್ಶನ. ಭೌತವಿಜ್ಞಾನಿಯೂ ಗಾಂಧಿವಾದಿಯೂ ಆಗಿದ್ದ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರು. ಪವಾಡಗಳಿಗೆ ಹೆಸರಾಗಿದ್ದ ಸತ್ಯಸಾಯಿಬಾಬಾ ಅವರಿಗೆ, ಪರೀಕ್ಷೆಗೆ ಒಪ್ಪಬೇಕೆಂದು ಕೋರಿ ಪತ್ರಗಳನ್ನು ಬರೆದರು. ಉತ್ತರ ಬರಲಿಲ್ಲ, ಟೀಕೆ ಮಾತ್ರ ಧಾರಾಳವಾಗಿ ಬಂತು. 1977ರಲ್ಲಿ ಸಮಿತಿ ವಿಸರ್ಜನೆಗೊಂಡಿತು. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು 42ನೆಯ ತಿದ್ದುಪಡಿ ಸಂವಿಧಾನದ 51ಎ ವಿಧಿಯಲ್ಲಿ ಸೇರಿಸಿದ್ದೂ ಅದೇ 1976ರಲ್ಲಿ. ಕರ್ತವ್ಯವನ್ನು ವಿಧಿಸಿದ ಸಮಾಜವೇ ಅದನ್ನು ಪಾಲಿಸಹೊರಟವರನ್ನು ಉದ್ಧಟರೆಂದು ಕಂಡಿತು.

ಗುದ್ದಲಿಪೂಜೆಯ ಪ್ರಶ್ನೆಯೂ ನ್ಯಾಯಾಲಯದ ಮೆಟ್ಟಿಲೇರಿದೆ. ಉಚ್ಚ ನ್ಯಾಯಾಲಯದ ಕಟ್ಟಡಕ್ಕೇ ಭೂಮಿಪೂಜೆ ನಡೆದುದನ್ನು ಆಕ್ಷೇಪಿಸಿ ಗುಜರಾತಿನಲ್ಲಿ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು 2011ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯವು ವಜಾಮಾಡಿ, ಅರ್ಜಿದಾರನಿಗೆ 20,000 ರೂಪಾಯಿ ದಂಡ ವಿಧಿಸಿತು. ಭೂಮಿಪೂಜೆ ಸರ್ವರ ಹಿತಕ್ಕಾಗಿ ನಡೆಯುವಂಥದು ಎಂಬುದು ತೀರ್ಪಿನ ಧಾಟಿ. ಆ ‘ಸರ್ವ’ರಲ್ಲಿ ತಾನೂ ಒಬ್ಬನಾಗಿದ್ದೇನೆಯೇ ಎಂದು ನಾಸ್ತಿಕ ಕೇಳಿದರೆ ಅದನ್ನು ಕುಚೋದ್ಯವೆನ್ನಲಾಗದು. 2011ರ ಜನಗಣತಿಯಲ್ಲಿ ಧರ್ಮವನ್ನು ತಿಳಿಸದವರು ಸುಮಾರು 28.7 ಲಕ್ಷ, ಒಟ್ಟು ಜನಸಂಖ್ಯೆಯ ಶೇಕಡ 0.24ರಷ್ಟು. ಇವರೆಲ್ಲರೂ ನಾಸ್ತಿಕರಲ್ಲ, ನಾಸ್ತಿಕರೆಲ್ಲರೂ ಇವರಲ್ಲಿ ಸೇರಿಯೂ ಇಲ್ಲ. ಆದರೂ ಐದನೆಯವನು ಲೆಕ್ಕದಲ್ಲಿ ಎಷ್ಟು ತೆಳುವಾಗಿ ಕಾಣುತ್ತಾನೆಂಬುದನ್ನು ಈ ಅಂಕಿ ಸೂಚಿಸುತ್ತದೆ.

ಇನ್ನೊಂದು ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಇದೇ ತುಮಕೂರು ಜಿಲ್ಲೆಯ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮಿಗಳು ಜಾತಿಮತ ನೋಡದೆ ಸಾವಿರಾರು ಬಡಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನೀಡಿದರು. ಧರ್ಮ ಸಾರ್ವಜನಿಕ ಜೀವನದಿಂದ ಸರಿಯಬೇಕೆನ್ನುವ ನಾಸ್ತಿಕ ಈ ದಾಸೋಹವನ್ನು ಎದುರಿಟ್ಟುಕೊಂಡೇ ಮಾತಾಡಬೇಕು. ಹಾಗೆಯೇ ನಂಬುವವರನ್ನೆಲ್ಲ ದಡ್ಡರೆಂದು ಹೀಗಳೆಯುವ ನಾಸ್ತಿಕ, ಶತಮತಿಯನ್ನು ನರಕಕ್ಕೆ ಕಳುಹಿಸಿದ ಮನೋಧರ್ಮಕ್ಕೆ ತಾನೂ ಬಲಿಯಾದಂತೆ. ಎ.ಎನ್. ಮೂರ್ತಿರಾಯರು 1991ರಲ್ಲಿ ಪ್ರಕಟವಾದ ‘ದೇವರು’ ಕೃತಿಯಲ್ಲಿ ಬೇರೆ ದಾರಿ ತೋರಿದರು. ದೇವರಿಲ್ಲವೆಂಬ ನಿಲುವನ್ನು ಸಡಿಲಗೊಳಿಸದೆ, ನಂಬುವವರನ್ನು ನೋಯಿಸುವ ಹಟವೂ ಇಲ್ಲದೆ ಅವರು ಬರೆದರು. ಆಸ್ತಿಕ ಓದುಗರೂ ಆ ಗ್ರಂಥವನ್ನು ಗೌರವದಿಂದ ಓದಿದರು. ಮಹಾಮತಿಗೆ ಸಿಕ್ಕ ಸಭೆ ಹೀಗೆ ಸಾವಿರ ವರ್ಷಗಳ ಮೇಲೆ ಮತ್ತೆ ಸಿಕ್ಕಿತೆನ್ನಬಹುದು.

ವಸ್ತುವಿಗೆ ಅನೇಕ ಮುಖಗಳಿವೆ, ನಮ್ಮ ಮಾತು ಅವುಗಳಲ್ಲಿ ಒಂದನ್ನು ಮಾತ್ರ ಹಿಡಿಯುತ್ತದೆ ಎಂಬುದು ಅನೇಕಾಂತದ ತಿಳಿವು. ಅನ್ಯಮತಗಳೊಡನೆ ನಡೆಸಿದ ವಾದಗಳಲ್ಲಿ ಈ ತಿಳಿವನ್ನು ನಾವು ಸಮರ್ಥವಾಗಿ ಬಳಸಿದ್ದೇವೆ. ಯಾವ ಮತವೂ ಇಲ್ಲದವನ ಬಗ್ಗೆ ಅಷ್ಟು ಧಾರಾಳವಾಗಿ ಬಳಸಿದಂತಿಲ್ಲ. ಸಾಹಿತ್ಯದ ವಿದ್ಯಾರ್ಥಿಗಳು ಆದಿಪುರಾಣವನ್ನು ಮತ್ತೊಮ್ಮೆ ತೆರೆದಾಗ ಮಹಾಮತಿಯ ಮಾತುಗಳನ್ನು ಕೇವಲ ಖಂಡನೆಗಾಗಿ ಒಡ್ಡಿದ ಪೂರ್ವಪಕ್ಷವೆಂದು ದಾಟಿಹೋಗದೆ, ಅವನು ಏನು ಕೇಳುತ್ತಿದ್ದಾನೆಂಬುದನ್ನು ತಾಳ್ಮೆಯಿಂದ ಗಮನಿಸಬೇಕೆಂದು ನನ್ನ ವಿನಂತಿ.

ದಬ್ಬೇಘಟ್ಟದ ಆ ಬೆಳೆಗಾರನೂ ಹೆಚ್ಚೇನನ್ನೂ ಕೇಳುತ್ತಿಲ್ಲ. ಊರಿನವರು ಪೂಜೆಯನ್ನು ಬಿಡಬೇಕೆಂದು ಅವನ ಹಟವಿಲ್ಲ. ತನ್ನ ತೆರಿಗೆಯ ರಸ್ತೆ ಎಲ್ಲರ ರಸ್ತೆಯಾಗಿಯೇ ಆರಂಭವಾಗಲಿ. ಆರತಿಯ ತಟ್ಟೆ ತನ್ನನ್ನು ದಾಟಿ ಹೋದಾಗ ಅದಕ್ಕೆ ಕಾರಣ ಹೇಳಬೇಕಾದ ಪ್ರಸಂಗ ತನಗೆ ಬಾರದಿರಲಿ ಎಂಬುದಷ್ಟೇ ಅವನ ಅಪೇಕ್ಷೆ. ನಾಲ್ಕು ಸಮಯಗಳನ್ನು ಸಲಹಿದ ಸೀಮೆಗೆ ಇದು ಹೊರಲಾರದ ಭಾರವಲ್ಲ.