ನೀರಿಗೆ ಇಳಿಯೋಕೆ ಬಾಗಿಲು ಯಾರಿಗಿತ್ತು? ಹುತ್ರಿದುರ್ಗದ ದೊಣೆಯಿಂದ ಊರಿನ ಈಜುಕೊಳದವರೆಗೆ

(1/7) ಕೋಟೆಯ ನೀರು

ಹುತ್ರಿದುರ್ಗಕ್ಕೆ ಬಂದವರೆಲ್ಲ ಕೋಟೆ ಗೋಡೆಯ ಫೋಟೋ ತೆಗೀತಾರೆ. ಈ ಸಲ ಸ್ವಲ್ಪ ನೀರಿನ ಕಡೆ ನೋಡೋಣ.

ಕುಣಿಗಲ್ ತಾಲ್ಲೂಕಿನ ಈ ಬೆಟ್ಟ ಕೆಂಪೇಗೌಡರ ಹೆಸರಿನ ಜೊತೆ ಬರುವ ನವದುರ್ಗಗಳಲ್ಲಿ ಒಂದು. ಸಂತೆಪೇಟೆ ಕಡೆಯಿಂದ ಹತ್ತಿದರೆ ಒಂದರ ಮೇಲೊಂದು ಬಾಗಿಲು, ತುದಿಯಲ್ಲಿ ಶಂಕರೇಶ್ವರನ ಗುಡಿ, ಬಂಡೆಗಳ ನಡುವೆ ನಿಂತ ನೀರು. ಗಿರಿದುರ್ಗಕ್ಕೆ ಗೋಡೆ ಎಷ್ಟು ಮುಖ್ಯವೋ ನೀರೂ ಅಷ್ಟೇ ಮುಖ್ಯ. ಮುತ್ತಿಗೆ ಬಿದ್ದಾಗ ಮೇಲಿದ್ದವರ ಜೀವ ಉಳಿಸುತ್ತಿದ್ದದ್ದು ದೊಣೆಯ ನೀರು. 1791ರ ಡಿಸೆಂಬರ್ 21ಕ್ಕೆ ಸಾವನದುರ್ಗ ಬಿತ್ತು, ಕೆಲವೇ ದಿನಗಳಲ್ಲಿ ಹುತ್ರಿದುರ್ಗವೂ ಕಾರ್ನ್‌ವಾಲಿಸನ ಸೈನ್ಯದ ಕೈಸೇರಿತು.

ಅಂಥ ನೀರಲ್ಲಿ ಯಾರೂ ಆಟ ಆಡುತ್ತಿರಲಿಲ್ಲ. ಅದು ಬಾಗಿಲುಗಳ ಹಿಂದಿನ ನೀರು, ಕಾವಲಿನ ನೀರು. ಹಾಗಾದ್ರೆ ನಮ್ಮ ಕಡೆ ಜನ ಈಜು ಕಲಿತದ್ದು ಎಲ್ಲಿ? ಯಾರು ಕಲಿತರು, ಯಾರು ದಡದಲ್ಲೇ ನಿಂತರು? ಮುಂದಕ್ಕೆ ಸ್ವೈಪ್ ಮಾಡಿ.

(2/7) ಬಾವಿಯೇ ಶಾಲೆ

ಬೆಟ್ಟದ ಕೆಳಗಿನ ಹಳ್ಳಿಗಳಲ್ಲಿ ಈಜುಶಾಲೆ ಅಂದ್ರೆ ತೋಟದ ಬಾವಿ. ಬೇಸಿಗೆ ರಜೆ ಬಂತು ಅಂದ್ರೆ ಹುಡುಗರ ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಇಲ್ಲವೇ ಬೆಂಡು ಕಟ್ಟಿ ಇಳಿಸೋರು. ಮೇಲೆ ಹಗ್ಗ ಹಿಡಿದು ಅಣ್ಣನೋ ಮಾವನೋ ನಿಂತಿರೋರು. ಆಮೇಲೆ ಲಾರಿ ಟ್ಯೂಬ್ ಬಂತು. ನಾಲ್ಕು ದಿನ ನೀರು ಕುಡಿದು ಐದನೇ ದಿನ ಮೆಟ್ಟಿಲಿಂದ ಧುಮುಕಿದರೆ ಪಾಸ್. ಫೀಸಿಲ್ಲ, ಸರ್ಟಿಫಿಕೇಟೂ ಇಲ್ಲ.

ಕೇಳೋಕೆ ಚೆಂದ. ಆದರೆ ಈ ನೆನಪು ಹೇಳೋರಲ್ಲಿ ಹೆಂಗಸರು ಎಷ್ಟು ಜನ ಇದ್ದಾರೆ ನೋಡಿ. ದಿನಾ ಬಾವಿಯಿಂದ ನೀರು ಸೇದಿದ್ದು ಅವರೇ, ಈಜು ಮಾತ್ರ ಹೆಚ್ಚಿನವರಿಗೆ ಬರಲಿಲ್ಲ. ಊರಬಾವಿ ಮುಟ್ಟಬಾರದು ಅಂತ ದೂರ ಇಟ್ಟಿದ್ದ ಕೇರಿಗಳ ಮಕ್ಕಳಿಗೆ ಈಜೋ ಮಾತು ಹಾಗಿರಲಿ, ಕುಡಿಯೋ ನೀರಿಗೂ ಕಾಯಬೇಕಿತ್ತು. ಫೀಸಿಲ್ಲದ ಶಾಲೆಗೂ ಬಾಗಿಲಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೇ.

(3/7) ಪುರಸಭೆ ತೀರ್ಮಾನ ಮಾಡಿದರೆ ಸಾಕೇ?

ಇದು ನಮ್ಮ ತಾಲ್ಲೂಕೊಂದರ ಕಥೆ ಅಲ್ಲ. ಮಹಾರಾಷ್ಟ್ರದ ಮಹಾಡ್‌ನಲ್ಲಿ ಚವದಾರ್ ಕೆರೆ ಇದೆ. 1924ರಲ್ಲೇ ಅಲ್ಲಿನ ಪುರಸಭೆ ಈ ಕೆರೆ ಎಲ್ಲರಿಗೂ ಮುಕ್ತ ಅಂತ ತೀರ್ಮಾನ ಮಾಡಿತ್ತು. ಕಾಗದದಲ್ಲಿ ಬಾಗಿಲು ತೆರೆದಿತ್ತು, ದಡದಲ್ಲಿ ತೆರೆದಿರಲಿಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದುಹೋಗಿ ಬೊಗಸೆ ನೀರು ಕುಡಿದ ಮೇಲೆ ಅದು ದೇಶಕ್ಕೆ ಗೊತ್ತಾಯಿತು.

ಅಮೆರಿಕದಲ್ಲೂ ಇದೇ ಪಾಡು. ಸೇಂಟ್ ಲೂಯಿಸ್ ನಗರದ ಫೇರ್‌ಗ್ರೌಂಡ್ ಪಾರ್ಕ್ ಈಜುಕೊಳ ಆಗ ಆ ದೇಶದ ದೊಡ್ಡ ಸಾರ್ವಜನಿಕ ಕೊಳಗಳಲ್ಲಿ ಒಂದಾಗಿತ್ತು. 1949ರ ಜೂನ್ 21ರಂದು ಕಪ್ಪು ಮಕ್ಕಳನ್ನೂ ಒಳಗೆ ಬಿಟ್ಟರು. ಅದೇ ದಿನ ಗಲಭೆ ಆಯಿತು. ಜ್ಯಾಕ್ಸನ್ ನಗರವಂತೂ ಎಲ್ಲರನ್ನೂ ಒಟ್ಟಿಗೆ ಬಿಡುವ ಬದಲು ತನ್ನ ಕೊಳಗಳನ್ನೇ ಮುಚ್ಚಿಬಿಟ್ಟಿತು. 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–4 ಬಹುಮತದಲ್ಲಿ ಅದನ್ನು ಎತ್ತಿಹಿಡಿಯಿತು.

ಒಂದೂರಲ್ಲಿ ಈಜೋಕೆ ಬರೋರು ಕಡಿಮೆಯಾದರೆ "ಜನಕ್ಕೆ ಆಸಕ್ತಿ ಇಲ್ಲ" ಅಂತ ಹೇಳೋದು ಸುಲಭ. ಮೊದಲು ಬಾಗಿಲು ನೋಡಬೇಕು.

(4/7) ಟಿಕೆಟ್ಟಿನ ಕಾಲ

ನಗರಾಡಳಿತವೇ ಜನರಿಗೆ ಸ್ನಾನದ ಕೊಳ ಕಟ್ಟಿಸೋ ಪದ್ಧತಿಗೆ ಬ್ರಿಟನ್ನಿನಲ್ಲಿ 1846ರ ಕಾಯ್ದೆ ದಾರಿ ಮಾಡಿತು. ಉದ್ದೇಶ ಆಟ ಅಲ್ಲ, ಆರೋಗ್ಯ. ಕಾಲರಾ ಭಯದ ದಿನಗಳು ಅವು. ಆದರೂ ಕೊಳದಲ್ಲಿ ಒಂದನೇ ದರ್ಜೆ, ಎರಡನೇ ದರ್ಜೆ ಅಂತ ಟಿಕೆಟ್. ಹೆಂಗಸರಿಗೆ ಬೇರೆ ಸಮಯ, ಅದೂ ಕಡಿಮೆ.

ನಮ್ಮಲ್ಲಿ 1992ರ 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ಸೇರಬಹುದಾದ 18 ವಿಷಯಗಳಿವೆ. ಉದ್ಯಾನ, ತೋಟ, ಆಟದ ಮೈದಾನ ಅಂತ ಹೆಸರಿಟ್ಟು ಹೇಳಿದ್ದಾರೆ. ಈಜುಕೊಳದ ಹೆಸರಿಲ್ಲ. ಕಟ್ಟಬಾರದು ಅಂತೇನೂ ಅಲ್ಲ, ಆದರೆ ದುಡ್ಡು ಕಡಿಮೆಯಾದಾಗ ಮೊದಲು ಕೈಬಿಡೋದು ಹೆಸರಿಲ್ಲದ್ದನ್ನೇ.

ಕೊಳ ನಡೆಸೋದೂ ಸುಲಭ ಅಲ್ಲ. 25 ಮೀಟರ್ ಉದ್ದ, 12.5 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳ ಅಂದ್ರೆ ಸುಮಾರು 4.7 ಲಕ್ಷ ಲೀಟರ್ ನೀರು. ಜೊತೆಗೆ ಫಿಲ್ಟರ್, ಕ್ಲೋರಿನ್, ಕರೆಂಟು, ಜೀವರಕ್ಷಕರು. ಖರ್ಚೆಲ್ಲ ಟಿಕೆಟ್ಟಿಂದಲೇ ಬರಬೇಕು ಅಂದ ಕೂಡಲೇ ಬೆಳಗಿನ ಒಳ್ಳೆ ಬ್ಯಾಚು ದುಡ್ಡಿರೋರಿಗೆ ಹೋಗುತ್ತೆ.

(5/7) ಮೊದಲು ಯಾರಿಗೆ, ಆಮೇಲೆ ಯಾರಿಗೆ

ಇತ್ತೀಚಿನ ಎರಡು ಉದಾಹರಣೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಕೊಳಗಳು ಮುಚ್ಚಿದವು. ಅಕ್ಟೋಬರ್‌ನಲ್ಲಿ ಕೇಂದ್ರ ಅನುಮತಿ ಕೊಟ್ಟಿದ್ದು ತರಬೇತಿ ಪಡೆಯೋ ಕ್ರೀಡಾಪಟುಗಳಿಗೆ ಮಾತ್ರ. ಎಲ್ಲರಿಗೂ ಅವಕಾಶ ಸಿಕ್ಕಿದ್ದು 2021ರ ಫೆಬ್ರವರಿಯಲ್ಲಿ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಜಲಮಂಡಳಿ ಈಜುಕೊಳಕ್ಕೆ ಕುಡಿಯೋ ನೀರು ಬಳಸಬಾರದು ಅಂತ ಆದೇಶ ಹೊರಡಿಸಿತು.

ಎರಡಕ್ಕೂ ಕಾರಣ ಇತ್ತು, ತಪ್ಪು ಅನ್ನೋಕಾಗಲ್ಲ. ಆದರೆ ಕಷ್ಟ ಬಂದಾಗ ಸಾಲಿನ ಕೊನೇಲಿ ನಿಲ್ಲೋದು ಸುಮ್ಮನೆ ಈಜು ಕಲಿಯೋಕೆ ಬಂದ ಮಗು.

ಅದೇ ಬೆಂಗಳೂರು 2000ದ ಸಿಡ್ನಿ ಒಲಿಂಪಿಕ್ಸ್‌ಗೆ ನಿಶಾ ಮಿಲೆಟ್ ಅವರನ್ನು ಕಳಿಸಿತು. 2024ರ ಪ್ಯಾರಿಸ್‌ಗೆ 14 ವರ್ಷದ ಧಿನಿಧಿ ದೇಸಿಂಗು ಹೋದರು. ಹೆಮ್ಮೆ ಪಡೋಣ. ಆದರೆ ಪದಕದ ಪಟ್ಟಿ ನೋಡಿ ಊರಿಗೆ ಈಜು ಬರುತ್ತೋ ಇಲ್ವೋ ಅಂತ ತಿಳಿಯಲ್ಲ.

(6/7) ಬತ್ತಿದ ಬಾವಿ, ತುಂಬಿದ ಕೆರೆ

ಬೋರ್‌ವೆಲ್ ಬಂದ ಮೇಲೆ ತೆರೆದ ಬಾವಿಗಳು ಒಂದೊಂದಾಗಿ ಬತ್ತಿದವು. ಕೆಲವಕ್ಕೆ ಕಸ ತುಂಬಿತು, ಕೆಲವನ್ನು ಮುಚ್ಚಿದರು. ಹುಡುಗರಿಗಿದ್ದ ಹಳೇ ಶಾಲೆಯೂ ಹೋಯ್ತು. ಟೌನ್ ಕೊಳ ದೂರ, ಫೀಸು ಬೇರೆ. ಬಾವಿ ಕಾಲದಲ್ಲಿ ಅರ್ಧ ಊರಿಗಾದರೂ ಈಜು ಬರುತ್ತಿತ್ತು, ಈಗಿನ ಮಕ್ಕಳಲ್ಲಿ ಗಂಡಾಗಲಿ ಹೆಣ್ಣಾಗಲಿ ಎಷ್ಟು ಜನಕ್ಕೆ ಬರುತ್ತೆ?

ನೀರು ಮಾತ್ರ ಎಲ್ಲೂ ಹೋಗಿಲ್ಲ. ಜನಪದ ಹಾಡಿನ ಕುಣಿಗಲ್ ಕೆರೆ ಇದೆ. ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯ ಇದೆ, ನೀರು ಮಟ್ಟ ಮುಟ್ಟಿದರೆ ತಾನೇ ಹರಿಯೋ ಸೈಫನ್ ಅದರ ವಿಶೇಷ. 2025ರ ಅಕ್ಟೋಬರ್‌ನಲ್ಲಿ ಅಲ್ಲೇ ತುಮಕೂರಿಂದ ಬಂದಿದ್ದ ಒಂದು ಕುಟುಂಬದ ಹೆಂಗಸರು, ಮಕ್ಕಳು ಹಠಾತ್ತನೆ ನುಗ್ಗಿದ ನೀರಲ್ಲಿ ಕೊಚ್ಚಿಹೋದರು. ಅಂಥ ಸೆಳೆತಕ್ಕೆ ಈಜು ಬಲ್ಲವರೂ ನಿಲ್ಲೋದು ಕಷ್ಟ. ಆದರೆ ನೀರು ಓದೋದೂ ಈಜಿನ ಪಾಠವೇ. ಎಲ್ಲಿ ಇಳಿಯಬಾರದು, ಯಾವಾಗ ದಡ ಸೇರಬೇಕು ಅನ್ನೋದನ್ನೂ ಯಾರಾದರೂ ಕಲಿಸಬೇಕಲ್ವಾ?

(7/7) ಲೆಕ್ಕ ಇಡೋಣ

2019ರಲ್ಲಿ ಜಗತ್ತಿನಲ್ಲಿ ಸುಮಾರು 2,36,000 ಜನ ಮುಳುಗಿ ಸತ್ತರು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2021ರಲ್ಲಿ ವಿಶ್ವಸಂಸ್ಥೆ ಜುಲೈ 25ನ್ನು ಮುಳುಗು ಸಾವು ತಡೆಯುವ ದಿನ ಅಂತ ಘೋಷಿಸಿತು.

ಬಾಂಗ್ಲಾದೇಶ ದೊಡ್ಡ ಕೊಳ ಕಟ್ಟೋವರೆಗೂ ಕಾಯಲಿಲ್ಲ. ಹಳ್ಳಿಯ ಕೆರೆಕಟ್ಟೆಯೊಳಗೇ ಬಿದಿರಿನ ಅಟ್ಟಣಿಗೆ ಕಟ್ಟಿ, ಆಳ ಮಿತಿಯಲ್ಲಿಟ್ಟು, ಊರವರಿಗೇ ತರಬೇತಿ ಕೊಟ್ಟು ನಾಲ್ಕು ವರ್ಷ ದಾಟಿದ ಮಕ್ಕಳಿಗೆ ಕಲಿಸಿದರು. ಹುಡುಗಿಯರೂ ಕಲಿತರು. ನಮ್ಮ ಸೋರೆ ಬುರುಡೆಯ ಬುದ್ಧಿಗೆ ಕಾವಲು, ಕ್ರಮ ಸೇರಿಸಿದ ಹಾಗೆ.

ಪುರಸಭೆಗೂ ಪಂಚಾಯ್ತಿಗೂ ನಾವು ಕೇಳಬೇಕಾದ್ದು ಇಷ್ಟೇ. ಟಿಕೆಟ್ಟಿನಿಂದ ಎಷ್ಟು ದುಡ್ಡು ಬಂತು ಅನ್ನೋ ಲೆಕ್ಕದ ಪಕ್ಕದಲ್ಲೇ ಇನ್ನೊಂದು ಸಾಲು ಬರೀರಿ: ಈ ವರ್ಷ ಎಷ್ಟು ಮಕ್ಕಳು ಹೊಸದಾಗಿ ಈಜು ಕಲಿತರು, ಅದರಲ್ಲಿ ಹುಡುಗಿಯರೆಷ್ಟು, ಸರ್ಕಾರಿ ಶಾಲೆಯವರೆಷ್ಟು, ಯಾವ ಯಾವ ಕೇರಿಯಿಂದ ಬಂದರು. ಬಾಗಿಲು ಎಷ್ಟು ತೆರೆದಿದೆ ಅನ್ನೋದು ಆ ಸಾಲಲ್ಲೇ ಗೊತ್ತಾಗುತ್ತೆ.

ನಿಮ್ಮ ಮನೇಲಿ ಮೊದಲು ಈಜು ಕಲಿತ ಹೆಣ್ಣುಮಗಳು ಯಾರು? ಅಜ್ಜೀನಾ, ಅಮ್ಮಾನಾ, ತಂಗೀನಾ? ಇವತ್ತೇ ಮನೇಲಿ ಕೇಳಿ ನೋಡಿ.

#ಹುತ್ರಿದುರ್ಗ #ಕುಣಿಗಲ್ #ನಮ್ಮೂರಇತಿಹಾಸ #ಈಜು