ಗಾರೆಯಿಲ್ಲದೆ ನಿಂತ ಕಲ್ಲುಗಳು

ಬೇಸಿಗೆಯಲ್ಲಿ ದುಬಾರೆಯ ಕಾವೇರಿ ಸೊರಗುತ್ತಾಳೆ. ಮಳೆಗಾಲದಲ್ಲಿ ಮುಳುಗಿದ್ದ ಬಂಡೆಗಳು ಬೆನ್ನು ತೋರುತ್ತವೆ. ನೀರು ತೀರಾ ಇಳಿದಾಗ ಪ್ರವಾಸಿಗರು ಅವುಗಳ ಮೇಲೆ ಕಾಲಿಟ್ಟು ಆನೆ ಶಿಬಿರದ ದಡ ಸೇರುವುದುಂಟು. ಇಂಥ ಹೊಳೆಯಂಚಿನಲ್ಲಿ ಕುಳಿತವರ ಕೈ ಸುಮ್ಮನಿರುವುದು ಕಷ್ಟ. ನುಣುಪಾದ ಕಲ್ಲೊಂದರ ಮೇಲೆ ಇನ್ನೊಂದನ್ನು ಇಡಬೇಕೆನಿಸುತ್ತದೆ.

ಚಳಿದೇಶಗಳಲ್ಲಿ ಇದು ಗಂಭೀರ ಕಲೆ. ಬ್ರಿಟನ್ನಿನ ಶಿಲ್ಪಿ ಆಂಡಿ ಗೋಲ್ಡ್ಸ್‌ವರ್ದಿ (ಜನನ 1956) ಕಲ್ಲು, ಎಲೆ, ಹಿಮಗಳಲ್ಲೇ ಬಯಲಿನಲ್ಲಿ ಕೃತಿ ರಚಿಸುವವರು. ಅವರನ್ನು ಕುರಿತ 2001ರ ಸಾಕ್ಷ್ಯಚಿತ್ರದಲ್ಲಿ ಕಡಲತೀರದಲ್ಲಿ ಪೇರಿಸಿದ ಕಲ್ಲುಗಳು ಮತ್ತೆ ಮತ್ತೆ ಕುಸಿಯುತ್ತವೆ. ಅವರು ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ. ಹಿಮದಲ್ಲಿ ಕೆಲಸ ಮಾಡುವವರಿಗೆ ಒಂದು ಅನುಕೂಲವಿದೆ. ಕಲ್ಲಿನ ಸಂದಿಗೆ ಬಿದ್ದ ನೀರು ಹೆಪ್ಪುಗಟ್ಟಿ ಅಂಟಿನಂತೆ ಹಿಡಿಯುತ್ತದೆ. ಬಿಸಿಲೇರಿದರೆ ಆ ಅಂಟೇ ಕೈಕೊಡುತ್ತದೆ.

ಕೊಡಗಿನಲ್ಲಿ ಆ ಸೌಕರ್ಯವಿಲ್ಲ. ಇಲ್ಲಿ ಕಲ್ಲು ನಿಲ್ಲುವುದು ಭಾರದಿಂದ ಮಾತ್ರ. ಕಣ್ಣಿಗೆ ನುಣುಪೆನಿಸಿದರೂ ಕಲ್ಲಿನ ಮೈಯಲ್ಲಿ ಸಣ್ಣ ಉಬ್ಬುತಗ್ಗುಗಳಿರುತ್ತವೆ. ಮೂರು ಉಬ್ಬುಗಳು ಕೆಳಗಿನ ಕಲ್ಲಿಗೆ ತಾಗಿ, ಮೇಲಿನದರ ಭಾರದ ಕೇಂದ್ರ ಆ ಮೂರರ ನಡುವೆ ಬಿದ್ದರೆ ಸಾಕು. ಅಡಿಗೆಮನೆಯ ಮೂರು ಗುಂಡಿನ ಒಲೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ವಿದ್ಯೆ ಕೊಡಗಿಗೆ ಹೊಸದಲ್ಲ. ಸೋಮವಾರಪೇಟೆ ತಾಲ್ಲೂಕಿನ ದೊಡ್ಡಮೊಳ್ತೆಯಂಥ ಕಡೆ, ಎರಡು ಸಾವಿರ ವರ್ಷಕ್ಕೂ ಹಿಂದಿನ ಬೃಹತ್‌ಶಿಲಾ ಸಮಾಧಿಗಳಿವೆ. ಇಂಥ ಸಮಾಧಿಗಳಲ್ಲಿ ನಿಲ್ಲಿಸಿದ ಚಪ್ಪಡಿಗಳ ಮೇಲೆ ಇನ್ನೊಂದು ಚಪ್ಪಡಿ ಹೊದಿಸಿರುತ್ತಾರೆ, ಗಾರೆಯ ಹೆಸರಿಲ್ಲ. ಭಾರಿ ಕಲ್ಲೆತ್ತಿದ್ದು ಯಾರೆಂದು ತಿಳಿಯದೆ ಜನ ಪಾಂಡವರ ಹೆಸರು ಹೇಳಿದರು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ನಲ್ಲಿ ಇಂಥವು ನೂರಾರಿವೆ; 2021ರಲ್ಲಿ ಆ ತಾಣ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು.

ಸಮಾಧಿಯ ಕಲ್ಲಿಗೂ ಹರಕೆಯ ಕಲ್ಲಿಗೂ ನಂಟು ಹೇಳುವುದು ಅವಸರವಾದೀತು. ಆದರೆ ಹಂಪಿ ಸೇರಿದಂತೆ ನಾಡಿನ ಹಲವು ಕ್ಷೇತ್ರಗಳಲ್ಲಿ ಭಕ್ತರು ಪುಟ್ಟ ಕಲ್ಲುಗಳನ್ನು ಪೇರಿಸಿ ಸ್ವಂತ ಮನೆಯಾಗಲಿ ಎಂದು ಬೇಡಿಕೊಳ್ಳುತ್ತಾರೆ. ಮಹಡಿ ಬೇಕೆಂಬವರು ಇನ್ನೊಂದು ಕಲ್ಲು ಏರಿಸಿದರೆ ಆಶ್ಚರ್ಯವಿಲ್ಲ. ದುಬಾರೆಗೆ ದೂರವಲ್ಲದ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟನ್ನರ ತಾಯ್ನಾಡಿನಲ್ಲಿ, ಹಿಮದ ಕಣಿವೆದಾರಿಯ ನೆತ್ತಿ ತಲುಪಿದ ಪ್ರಯಾಣಿಕರು ಅಲ್ಲಿನ ರಾಶಿಗೆ ಒಂದು ಕಲ್ಲು ಸೇರಿಸುವ ರೂಢಿಯಿದೆ. ಕೆನಡಾದ ಇನುಯಿಟ್ ಜನರ ಕಲ್ಲಿನ ದಾರಿಗುರುತು 1999ರಲ್ಲಿ ನುನಾವುಟ್ ಪ್ರಾಂತ್ಯದ ಧ್ವಜವನ್ನೇ ಏರಿತು.

ಇವರೆಲ್ಲ ಕಲ್ಲಿಟ್ಟದ್ದು ಬೆಟ್ಟದ ಮೇಲೆ, ಬಯಲಿನಲ್ಲಿ. ಹೊಳೆಯ ಮಾತು ಬೇರೆ. ನೀರಿನೊಳಗಿನ ಕಲ್ಲಿನ ತಳದಲ್ಲಿ ಕೀಟಗಳ ಮರಿಹುಳುಗಳು ಅಂಟಿಕೊಂಡಿರುತ್ತವೆ. ಮೀನುಗಳಿಗೆ ಅವೇ ಆಹಾರ. ಕಾವೇರಿಯ ಹೆಸರಾಂತ ಮಹಶೀರ್ ಮೊಟ್ಟೆಯಿಡುವುದು ಜಲ್ಲಿಗಲ್ಲುಗಳ ನಡುವೆ. ಕಾವೇರಿಯ ಡುಬ್ಬದ ಮಹಶೀರ್ ಈಗ ಅಳಿವಿನ ತೀವ್ರ ಅಪಾಯದಲ್ಲಿದೆ. ಒಬ್ಬರು ನಾಲ್ಕು ಕಲ್ಲೆತ್ತಿದರೆ ನದಿಗೆ ತಿಳಿಯದಿರಬಹುದು. ರಜೆಯ ದಿನ ಬಂದವರೆಲ್ಲ ಎತ್ತಿದರೆ ತಿಳಿಯುತ್ತದೆ. ಅಮೆರಿಕದ ಯೊಸೆಮಿಟಿ ಉದ್ಯಾನದವರು 2023ರಲ್ಲಿ, ಇಂಥ ಗೋಪುರ ಕಂಡರೆ ಕೆಡವಿಬಿಡಿ ಎಂದೇ ಪ್ರವಾಸಿಗರನ್ನು ಕೋರಿದ್ದರು.

ದುಬಾರೆಯಲ್ಲಿ ಕೈ ತಡೆಯದಿದ್ದರೆ ದಡದ ಒಣಗಲ್ಲುಗಳಿವೆ. ಆಟ ಮುಗಿದ ಮೇಲೆ ಅವನ್ನು ಇದ್ದಲ್ಲೇ ಇಟ್ಟು ಬರಬಹುದು. ಜೂನ್‌ನಲ್ಲಿ ಹೊಳೆ ತುಂಬಿದರೆ ಉಳಿದದ್ದನ್ನು ಕಾವೇರಿಯೇ ಕೆಡವುತ್ತಾಳೆ.